ಕತ್ತೆಗಿವಿಯ ಅರಸರು: ಒಂದು ಜನಪದ ಕಥೆಯ ವಿವೇಚನೆ

೧

ಅರಸನ ಚರಿತ್ರೆಯನ್ನು ಆಸ್ಥಾನದವರು ಬರೆಯುವ ರೀತಿ ಒಂದು, ಊರವರು ಹೇಳಿಕೊಳ್ಳುವ ರೀತಿ ಇನ್ನೊಂದು. ಶಾಸನಗಳಲ್ಲಿ ಅವನ ಬಿರುದುಗಳು, ಗೆದ್ದ ಯುದ್ಧಗಳು, ಬಿಟ್ಟ ದತ್ತಿಗಳು ಉಳಿಯುತ್ತವೆ. ಜನರ ಬಾಯಲ್ಲಾದರೋ ಅವನ ವಿಚಿತ್ರವಾದ ನಡವಳಿಕೆಗಳು ಉಳಿಯುತ್ತವೆ. ಅವನು ಏನನ್ನು ಕಂಡು ಹೆದರುತ್ತಿದ್ದನು, ಯಾವುದನ್ನು ಮುಚ್ಚಿಡುತ್ತಿದ್ದನು, ಇರುಳಿನಲ್ಲಿ ಎಲ್ಲಿ ಅಲೆಯುತ್ತಿದ್ದನು ಎಂಬುದೇ ಕಥೆಗೆ ವಸ್ತುವಾಗುತ್ತದೆ. ಸಾವಿರದೊಂದು ರಾತ್ರಿಗಳ ಕಥೆಯಲ್ಲಿ ಬರುವ ಶಹರಿಯಾರನು ದಿನಕ್ಕೊಬ್ಬ ಕನ್ಯೆಯನ್ನು ಮದುವೆಯಾಗಿ ಬೆಳಗಾಗುತ್ತಲೇ ಅವಳನ್ನು ಕೊಲ್ಲಿಸುತ್ತಿದ್ದನು. ಅದೇ ಕಥಾಸಮೂಹದ ಖಲೀಫ ಹಾರೂನ್ ಅಲ್ ರಶೀದನು ಮಾರುವೇಷ ಧರಿಸಿ ಬಾಗ್ದಾದಿನ ಬೀದಿಗಳಲ್ಲಿ ತಿರುಗುತ್ತಿದ್ದನು. ಕೊರಿಯ ದೇಶದ ಒಬ್ಬ ದೊರೆಗೆ ಹಾವುಗಳ ಸಂಗಡವಲ್ಲದೆ ಸುಖನಿದ್ರೆ ಬರುತ್ತಿರಲಿಲ್ಲವೆಂದು ಆ ನಾಡಿನ ಹಳೆಯ ಗ್ರಂಥವೊಂದು ಹೇಳುತ್ತದೆ.

ಇಂತಹ ಸಂಗತಿಗಳನ್ನು ಕೇಳಿದಾಗ ನಮಗೆ ಮೊದಲು ಉಂಟಾಗುವುದು ಅಚ್ಚರಿ, ಅನಂತರ ನಗೆ. ಅಲ್ಲಿಗೇ ನಿಂತರೆ ಕಥೆಯ ತಿರುಳು ಕೈಗೆ ಹತ್ತದು. ಒಂದು ಕಥೆ ಹತ್ತಾರು ದೇಶಗಳಲ್ಲಿ, ಹತ್ತಾರು ಭಾಷೆಗಳಲ್ಲಿ, ಎರಡು ಸಾವಿರ ವರ್ಷಗಳಿಗೂ ಮಿಗಿಲಾದ ಕಾಲ ಬದುಕಿಬಂದಿದೆಯೆಂದರೆ ಅದರಲ್ಲಿ ಬರಿಯ ವಿನೋದಕ್ಕಿಂತ ಹೆಚ್ಚಿನದೇನೋ ಇರಲೇಬೇಕು. ಅಂತಹ ಕಥೆಗಳಲ್ಲಿ ಒಂದು, ಪ್ರಾಣಿಯ ಕಿವಿಯುಳ್ಳ ಅರಸನ ಕಥೆ. ಜಾನಪದ ವಿದ್ವಾಂಸರು ಕಥೆಗಳನ್ನು ವರ್ಗೀಕರಿಸಲು ಬಳಸುವ ಆರ್ನೆ-ಥಾಂಪ್ಸನ್ ಸೂಚಿಯಲ್ಲಿ ಇದಕ್ಕೆ ೭೮೨ನೆಯ ಸ್ಥಾನವಿದೆ. ಆ ಕಥೆಯನ್ನು ಅದರ ನಾನಾ ರೂಪಗಳಲ್ಲಿ ಪರಿಶೀಲಿಸಿ, ಜನಪದರು ಅದರ ಮೂಲಕ ಅರಸುತನವನ್ನು ಹೇಗೆ ತೂಗಿ ನೋಡಿದ್ದಾರೆಂಬುದನ್ನು ತಿಳಿಯುವುದು ಈ ಲೇಖನದ ಉದ್ದೇಶ.

ಕಥೆಯ ಹಂದರ ಸರಳವಾದುದು. ಒಬ್ಬ ಅರಸನಿಗೆ ಕತ್ತೆಯದೋ ಕುದುರೆಯದೋ ಆಡಿನದೋ ಕಿವಿಗಳಿರುತ್ತವೆ. ಅವನು ಅವನ್ನು ಮುಡಿಯ ಕೆಳಗೋ ಪಾಗಿನ ಒಳಗೋ ಮುಚ್ಚಿಟ್ಟುಕೊಂಡಿರುತ್ತಾನೆ. ಆದರೆ ಕೂದಲು ಬೆಳೆಯದೆ ಬಿಡುವುದಿಲ್ಲ. ಕ್ಷೌರಿಕನನ್ನು ಕರೆಸದೆ ವಿಧಿಯಿಲ್ಲ. ಕಂಡ ಗುಟ್ಟನ್ನು ಕ್ಷೌರಿಕನು ಮನುಷ್ಯರೊಡನೆ ಹೇಳಲಾರ, ಹೇಳದೆ ಇರಲೂ ಆರ. ಕೊನೆಗೆ ಅವನು ನೆಲದ ಕುಳಿಗೋ ಮರಕ್ಕೋ ಬಾವಿಗೋ ಅದನ್ನು ಹೇಳಿ ಹಗುರಾಗುತ್ತಾನೆ. ಅಲ್ಲಿ ಬೆಳೆದ ಜೊಂಡು ಗಾಳಿಗೆ ಅಲುಗಿದಾಗ, ಇಲ್ಲವೆ ಅಲ್ಲಿಯ ಮರದಿಂದ ಮಾಡಿದ ವಾದ್ಯವನ್ನು ನುಡಿಸಿದಾಗ, ಅರಸನ ಗುಟ್ಟು ನಾಡಿಗೆಲ್ಲ ಕೇಳಿಸುತ್ತದೆ.

೨

ಈ ಕಥೆಯ ನಾಯಕರಲ್ಲಿ ಹೆಚ್ಚು ಪ್ರಸಿದ್ಧನಾದವನು ಫ್ರಿಜಿಯ ದೇಶದ ಮಿಡಾಸ್. ಮುಟ್ಟಿದ್ದೆಲ್ಲ ಚಿನ್ನವಾಗಲೆಂದು ವರ ಬೇಡಿ ಪರಿತಪಿಸಿದವನೆಂದು ನಮ್ಮ ಶಾಲಾಬಾಲಕರೂ ಅವನನ್ನು ಬಲ್ಲರು. ಈಗಿನ ತುರ್ಕಿ ದೇಶದ ನಡುಭಾಗದಲ್ಲಿ ಅವನ ರಾಜಧಾನಿ ಗಾರ್ಡಿಯನ್ ಇತ್ತು. ಕ್ರಿಸ್ತಪೂರ್ವ ೮ನೆಯ ಶತಮಾನದ ಅಸ್ಸೀರಿಯ ದೊರೆ ಎರಡನೆಯ ಸಾರ್ಗೋನನ ಬರಹಗಳಲ್ಲಿ ಕಾಣಿಸುವ ಮಿತಾ ಎಂಬ ಅರಸನೇ ಈ ಮಿಡಾಸ್ ಎಂದು ಇತಿಹಾಸಜ್ಞರು ಬಗೆಯುತ್ತಾರೆ. ಕ್ರಿಸ್ತಪೂರ್ವ ೩೮೮ರಲ್ಲಿ ಪ್ರದರ್ಶಿತವಾದ ಅರಿಸ್ಟೋಫೇನಿಸನ ‘ಪ್ಲೂಟಸ್’ ನಾಟಕದಲ್ಲಿಯೇ ಅವನ ಕತ್ತೆಗಿವಿಯನ್ನು ಕುರಿತ ಪರಿಹಾಸ್ಯವುಂಟು. ಆದುದರಿಂದ ಆ ಹೊತ್ತಿಗಾಗಲೇ ಅದು ಅಥೆನ್ಸಿನ ಸಾಮಾನ್ಯ ಪ್ರೇಕ್ಷಕನಿಗೂ ಗೊತ್ತಿದ್ದ ಸಂಗತಿಯಾಗಿತ್ತು.

ಕಥೆಯನ್ನು ವಿಸ್ತಾರವಾಗಿ ಹೇಳಿದವನು ರೋಮಿನ ಕವಿ ಒವಿಡ್. ಕ್ರಿಸ್ತಶಕ ೮ರ ಸುಮಾರಿಗೆ ಮುಗಿದ ಅವನ ‘ಮೆಟಮಾರ್ಫಸಿಸ್’ ಕಾವ್ಯದ ೧೧ನೆಯ ಭಾಗದಲ್ಲಿ ಇದು ಬರುತ್ತದೆ. ವನದೇವತೆಯಾದ ಪ್ಯಾನ್ ತನ್ನ ಕೊಳಲಿನ ಗರ್ವದಿಂದ ಅಪೊಲೊ ದೇವತೆಯೊಡನೆ ಸ್ಪರ್ಧೆಗಿಳಿಯುತ್ತಾನೆ. ತ್ಮೋಲಸ್ ಎಂಬ ಪರ್ವತದ ಅಧಿದೇವತೆ ನ್ಯಾಯಾಧಿಪತಿ. ಅಪೊಲೊವಿನ ತಂತಿವಾದ್ಯವೇ ಮೇಲೆಂದು ಅವನು ತೀರ್ಪಿತ್ತಾಗ ಎಲ್ಲರೂ ಒಪ್ಪುತ್ತಾರೆ. ಮಿಡಾಸ್ ಒಬ್ಬನು ಮಾತ್ರ ಅದು ಅನ್ಯಾಯವೆನ್ನುತ್ತಾನೆ. ಇಂತಹ ಕಿವಿಗಳಿಗೆ ಮನುಷ್ಯರೂಪ ತಕ್ಕುದಲ್ಲವೆಂದು ಅಪೊಲೊ ಅವನ ಕಿವಿಗಳನ್ನು ಹಿಗ್ಗಿಸಿ, ನರೆಗೂದಲು ತುಂಬಿ, ಕತ್ತೆಯ ಕಿವಿಗಳನ್ನಾಗಿ ಮಾಡುತ್ತಾನೆ. ಮಿಡಾಸ್ ನಸುಗೆಂಪಿನ ಪಾಗನ್ನು ಸುತ್ತಿಕೊಂಡು ನಾಚಿಕೆಯನ್ನು ಮರೆಮಾಚುತ್ತಾನೆ. ಕೂದಲು ಕತ್ತರಿಸುವ ಸೇವಕನು ಅದನ್ನು ಕಂಡು, ನೆಲದಲ್ಲಿ ಕುಳಿ ತೋಡಿ, ಅದರೊಳಗೆ ಪಿಸುಗುಟ್ಟಿ, ಮಣ್ಣು ಮುಚ್ಚಿ ಹೋಗುತ್ತಾನೆ. ವರ್ಷ ತುಂಬುವಷ್ಟರಲ್ಲಿ ಅಲ್ಲಿ ಜೊಂಡು ಎದ್ದು, ತೆಂಕಣ ಗಾಳಿಗೆ ಓಲಾಡಿ, ಹೂತಿಟ್ಟ ಮಾತನ್ನು ಹೊರಗೆಡಹುತ್ತದೆ.

ಇಲ್ಲಿ ಎರಡು ಅಂಶಗಳು ಗಮನಾರ್ಹವಾಗಿವೆ. ಮೊದಲನೆಯದು, ಒವಿಡನ ಮಿಡಾಸ್ ಮೂಢನೇ ಹೊರತು ಕ್ರೂರಿಯಲ್ಲ. ಕೇಳುವುದರಲ್ಲಿ ತಪ್ಪಿದವನಿಗೆ ಕೇಳುವ ಅಂಗದಲ್ಲಿಯೇ ಶಿಕ್ಷೆಯಾಯಿತು. ಕ್ಷೌರಿಕನನ್ನು ಅವನು ಕೊಲ್ಲಲಿಲ್ಲ. ಎರಡನೆಯದು, ಜೊಂಡು ನುಡಿದ ಮೇಲೆ ಅರಸನು ಏನು ಮಾಡಿದನೆಂಬುದನ್ನು ಒವಿಡ್ ಹೇಳುವುದೇ ಇಲ್ಲ. ಕಥೆ ಅಲ್ಲಿಗೆ ನಿಂತುಬಿಡುತ್ತದೆ. ಪಂಡಿತಕವಿಯು ಬಿಟ್ಟ ಈ ಎರಡು ತೆರಪುಗಳನ್ನು ಇತರ ನಾಡುಗಳ ಜನಪದರು ತುಂಬಿದ್ದಾರೆ. ಅವರು ಒಂದೆಡೆ ಅರಸನ ಕೈಗೆ ಕೊಲೆಯ ಕತ್ತಿಯನ್ನು ಕೊಟ್ಟಿದ್ದಾರೆ. ಇನ್ನೊಂದೆಡೆ, ಗುಟ್ಟು ಬಯಲಾದ ಮರುಗಳಿಗೆ ಅವನೇನು ಮಾಡಿದನೆಂದು ಬಿಡದೆ ಕೇಳಿದ್ದಾರೆ. ಕಥೆಯ ಜೀವ ಇರುವುದು ಈ ಎರಡನೆಯ ಪ್ರಶ್ನೆಯಲ್ಲಿ.

೩

ಐರ್ಲೆಂಡಿನ ರೂಪವನ್ನು ಮೊದಲು ನೋಡೋಣ. ಆ ನಾಡಿನ ವಿದ್ವಾಂಸ ಜೆಫ್ರಿ ಕೀಟಿಂಗನು ೧೭ನೆಯ ಶತಮಾನದ ಮೊದಲ ಭಾಗದಲ್ಲಿ ಐರಿಷ್ ಭಾಷೆಯಲ್ಲಿ ತನ್ನ ದೇಶದ ಇತಿಹಾಸವನ್ನು ಬರೆದನು. ಅದರಲ್ಲಿ ಲೌರಿ ಎಂಬ ಪ್ರಾಚೀನ ಅರಸನ ಪ್ರಸ್ತಾಪ ಬರುತ್ತದೆ. ಅವನಿಗೆ ಕುದುರೆಯ ಕಿವಿಗಳಿದ್ದುವು. ವರ್ಷಕ್ಕೊಮ್ಮೆ ಮಾತ್ರ ಅವನು ಕೂದಲು ಕತ್ತರಿಸಿಕೊಳ್ಳುತ್ತಿದ್ದನು. ಕತ್ತರಿಸಿದವನಿಗೆ ಅಂದೇ ಮರಣ. ಯಾರು ಹೋಗಬೇಕೆಂಬುದನ್ನು ಚೀಟಿ ಎತ್ತಿ ನಿರ್ಣಯಿಸುತ್ತಿದ್ದರು. ಒಂದು ವರ್ಷ ಬಡವಿಧವೆಯೊಬ್ಬಳ ಏಕಮಾತ್ರ ಪುತ್ರನ ಸರದಿ ಬಂದಿತು. ಅವಳು ಅರಸನ ಕಾಲಿಗೆ ಬಿದ್ದು ಗೋಳಿಟ್ಟಳು. ಕಂಡದ್ದನ್ನು ಸಾಯುವ ತನಕ ಯಾರಿಗೂ ಹೇಳಕೂಡದೆಂಬ ಕರಾರಿನ ಮೇಲೆ ಅರಸನು ಅವನನ್ನು ಉಳಿಸಿದನು.

ಈ ಕ್ರೂರಪದ್ಧತಿಯ ಹಿನ್ನೆಲೆಯಲ್ಲಿ ಒಂದು ಹಳೆಯ ನಂಬಿಕೆಯಿದೆಯೆಂಬುದನ್ನು ಮರೆಯಲಾಗದು. ಅಂಗದೋಷವುಳ್ಳವನು ರಾಜ್ಯವಾಳಲು ಅನರ್ಹನೆಂದು ಐರಿಷ್ ಪುರಾಣಗಳು ಭಾವಿಸುತ್ತವೆ. ನುವಾದಾ ಎಂಬ ಅರಸನು ಯುದ್ಧದಲ್ಲಿ ತೋಳನ್ನು ಕಳೆದುಕೊಂಡ ಕಾರಣಕ್ಕೇ ಸಿಂಹಾಸನವನ್ನು ಬಿಡಬೇಕಾಯಿತು. ಇದು ನಮಗೆ ಅಪರಿಚಿತವಾದ ಭಾವನೆಯೇನಲ್ಲ. ಮಹಾಭಾರತದಲ್ಲಿ ಹಿರಿಯವನಾದ ಧೃತರಾಷ್ಟ್ರನು ಅಂಧನಾದುದರಿಂದ ಪಾಂಡುವಿಗೆ ಪಟ್ಟವಾಯಿತು. ಶಂತನುವಿನ ಅಣ್ಣ ದೇವಾಪಿಯು ಧರ್ಮಿಷ್ಠನೂ ಪ್ರಜೆಗಳಿಗೆ ಪ್ರಿಯನೂ ಆಗಿದ್ದರೂ ಚರ್ಮರೋಗವಿದ್ದ ಕಾರಣ ಅವನ ಪಟ್ಟಾಭಿಷೇಕವನ್ನು ತಡೆದರೆಂದೂ, ತಂದೆ ಪ್ರತೀಪನು ಅದಕ್ಕಾಗಿ ಕಣ್ಣೀರು ಸುರಿಸಿದನೆಂದೂ ಉದ್ಯೋಗಪರ್ವ ಹೇಳುತ್ತದೆ. ದೇವಾಪಿ ಕಾಡಿಗೆ ಹೋದನು. ಅವನು ದೋಷವನ್ನು ಮುಚ್ಚಿಡಲಿಲ್ಲ, ರಾಜ್ಯವನ್ನು ಬಿಟ್ಟನು. ಲೌರಿಯು ರಾಜ್ಯವನ್ನು ಬಿಡಲಿಲ್ಲ, ದೋಷವನ್ನು ಮುಚ್ಚಿಟ್ಟನು. ಹೀಗೆ ನೋಡಿದಾಗ ಅವನ ವಿಚಿತ್ರ ನಿಯಮವು ಹುಚ್ಚಿನಿಂದ ಹುಟ್ಟಿದುದಲ್ಲ, ಪೀಠ ಹೋದೀತೆಂಬ ಭಯದಿಂದ ಹುಟ್ಟಿದುದು ಎಂಬುದು ಸ್ಪಷ್ಟವಾಗುತ್ತದೆ. ಭಯವು ಅಧಿಕಾರದ ಉಡುಪನ್ನು ತೊಟ್ಟಾಗ ಅದಕ್ಕೆ ಪದ್ಧತಿಯೆಂಬ ಹೆಸರು ಬರುತ್ತದೆ.

ಕ್ಷೌರಿಕನೇ ಈ ಕಥೆಯಲ್ಲಿ ಏಕೆ ಬರಬೇಕು? ಮಂತ್ರಿಯಾಗಲಿ ಸೇನಾಪತಿಯಾಗಲಿ ಅರಸನನ್ನು ಕಾಣುವುದು ಕಿರೀಟದೊಡನೆ. ಕಿರೀಟವಿಲ್ಲದ ತಲೆಯನ್ನು, ಅದೂ ತನ್ನ ಮುಂದೆ ಬಾಗಿದ ತಲೆಯನ್ನು, ಕಾಣುವವನು ಕ್ಷೌರಿಕನೊಬ್ಬನೇ. ಅರಸನ ಕೊರಳ ಬಳಿ ಹರಿತವಾದ ಕತ್ತಿಯನ್ನು ಹಿಡಿದು ನಿಲ್ಲುವ ಅನುಮತಿಯುಳ್ಳ ಪ್ರಜೆಯೂ ಅವನೊಬ್ಬನೇ. ಸಮಾಜದ ಮೆಟ್ಟಿಲುಗಳಲ್ಲಿ ಬಹು ಕೆಳಗೆ ನಿಲ್ಲಿಸಲ್ಪಟ್ಟವನು ಕ್ಷೌರದ ಆ ಅರ್ಧ ಗಳಿಗೆಯಲ್ಲಿ ಅರಸನಿಗಿಂತ ಎತ್ತರದಲ್ಲಿ ನಿಂತಿರುತ್ತಾನೆ. ದೊರೆಯ ದೌರ್ಬಲ್ಯಕ್ಕೆ ಸಾಕ್ಷಿಯಾಗಿ ಜನಪದರು ದುಡಿಯುವ ಒಬ್ಬ ಸಾಮಾನ್ಯನನ್ನು ಆರಿಸಿಕೊಂಡಿರುವುದು ಎಷ್ಟು ಉಚಿತವಾಗಿದೆ!

ಲೌರಿಯ ಕಥೆ ಮುಂದುವರಿಯುತ್ತದೆ. ಗುಟ್ಟಿನ ಭಾರದಿಂದ ಆ ಹುಡುಗನು ಹಾಸಿಗೆ ಹಿಡಿದನು. ಯಾವ ಮದ್ದೂ ನಾಟಲಿಲ್ಲ. ಡ್ರೂಯಿಡ್ ಎಂಬ ಪುರೋಹಿತವರ್ಗದ ಜ್ಞಾನಿಯೊಬ್ಬನು ಬಂದು, ಇದು ಹೇಳದೆ ಉಳಿದ ಮಾತಿನ ಬೇನೆಯೆಂದು ಕಂಡುಹಿಡಿದನು. ನಾಲ್ಕು ದಾರಿಗಳು ಕೂಡುವಲ್ಲಿ ಬಲಕ್ಕೆ ತಿರುಗಿ, ಮೊದಲು ಎದುರಾದ ಮರಕ್ಕೆ ಹೇಳೆಂದನು. ಎದುರಾದುದು ಒಂದು ದೊಡ್ಡ ನೀರಂಜಿ ಮರ. ಹುಡುಗನು ಹೇಳಿ ಗುಣಮುಖನಾದನು. ಅದೇ ಕಾಲಕ್ಕೆ ಆಸ್ಥಾನದ ವೈಣಿಕ ಕ್ರಾಫ್ಟಿನನ ವಾದ್ಯವು ಮುರಿದು, ಹೊಸದನ್ನು ಮಾಡಲು ಅವನು ಆ ಮರವನ್ನೇ ಕಡಿದು ತಂದನು. ಸಭೆಯಲ್ಲಿ ತಂತಿ ಮಿಡಿದಾಗ ಕೇಳಿಬಂದುದು ಕುದುರೆಗಿವಿಯ ವಾರ್ತೆ! ಆಗ ಅರಸನು ತಾನು ಕೊಲ್ಲಿಸಿದ ಅಷ್ಟು ಜನರನ್ನು ನೆನೆದು ಪಶ್ಚಾತ್ತಾಪಪಟ್ಟು, ಮನೆವಾರ್ತೆಯವರೆಲ್ಲರ ಎದುರಿಗೆ ತನ್ನ ಕಿವಿಗಳನ್ನು ತೋರಿಸಿದನು. ಅಲ್ಲಿಂದ ಮುಂದೆ ಅವನ್ನು ಮುಚ್ಚಲೇ ಇಲ್ಲ. ಈ ಭಾಗವನ್ನು ತಾನು ಇತಿಹಾಸವೆಂದು ಎಣಿಸುವುದಿಲ್ಲ, ಕಟ್ಟುಕಥೆಯೆಂದೇ ಭಾವಿಸುತ್ತೇನೆಂದು ಕೀಟಿಂಗನು ಹೇಳಿಬಿಡುತ್ತಾನೆ. ಹಾಗಿದ್ದರೂ ಅದನ್ನು ಬಿಡಲು ಮನಸ್ಸು ಬಾರದೆ ಬರೆದಿಟ್ಟಿರುವನಲ್ಲ, ಅದು ಕಥೆಯ ಶಕ್ತಿಗೆ ಸಾಕ್ಷಿ.

೪

ಹೇಳದ ಮಾತು ರೋಗವಾಗುತ್ತದೆಂಬ ಈ ಕಲ್ಪನೆಯು ನಮ್ಮ ದೇಶದಲ್ಲಿಯೂ ಇದೆ. ಸಂತಾಲರ ಕಥೆಗಳ ಒಂದು ಸಂಕಲನವನ್ನು ಸಿ. ಎಚ್. ಬೋಂಪಸ್ ಎಂಬ ಅಧಿಕಾರಿಯು ೧೯೦೯ರಲ್ಲಿ ಪ್ರಕಟಿಸಿದನು. ಅದರಲ್ಲಿ ಎತ್ತಿನ ಕಿವಿಗಳೊಡನೆ ಹುಟ್ಟಿದ ರಾಜಕುಮಾರನ ಕಥೆಯೊಂದುಂಟು. ಗುಟ್ಟನ್ನು ಕಂಡ ಕ್ಷೌರಿಕನ ಹೊಟ್ಟೆ ಊದಿಕೊಳ್ಳುತ್ತದೆ. ಅವನು ಡೋಲು ಬಾರಿಸುವವನೊಬ್ಬನಿಗೆ ಅದನ್ನು ಹೇಳುತ್ತಾನೆ. ಇವನ ಹೊಟ್ಟೆ ಇಳಿಯುತ್ತದೆ. ಡೋಲಿನವನು ವಾದ್ಯವನ್ನು ಬಾರಿಸುತ್ತ ಅದನ್ನು ಹಾಡುತ್ತಾನೆ. ಗುಟ್ಟು ನಿಲ್ಲದವನನ್ನು ಕುರಿತು ‘ಅವನ ಹೊಟ್ಟೆಯಲ್ಲಿ ಮಾತು ಉಳಿಯುವುದಿಲ್ಲ’ ಎಂದು ನಾವು ಆಡುವ ನುಡಿಗಟ್ಟೇ ಇಲ್ಲಿ ಕಥೆಯಾಗಿ ಕಾಣಿಸಿಕೊಂಡಿದೆ.

ಕನ್ನಡ ನಾಡಿನ ಕಥೆಯೊಂದು ಇದೇ ತತ್ತ್ವವನ್ನು ಅರಸನ ಹಂಗಿಲ್ಲದೆ ಹೇಳುತ್ತದೆ. ಎ. ಕೆ. ರಾಮಾನುಜನ್ ಅವರು ಸಂಗ್ರಹಿಸಿದ ಕಥೆ ಅದು. ಒಬ್ಬ ಗೃಹಿಣಿಗೆ ಒಂದು ಕಥೆಯೂ ಒಂದು ಹಾಡೂ ಗೊತ್ತಿದ್ದುವು. ಅವಳು ಕಥೆಯನ್ನು ಯಾರಿಗೂ ಹೇಳಲಿಲ್ಲ, ಹಾಡನ್ನು ಹಾಡಲಿಲ್ಲ. ಒಳಗೇ ಉಸಿರುಕಟ್ಟಿದ ಅವೆರಡೂ ಒಂದು ದಿನ ಅವಳು ಮಲಗಿದ್ದಾಗ ಹೊರಬಿದ್ದು, ಒಂದು ಪಾದರಕ್ಷೆಗಳಾಗಿ, ಇನ್ನೊಂದು ಗಂಡಸಿನ ಅಂಗಿಯಾಗಿ ಮನೆಯಲ್ಲಿ ಕುಳಿತು, ಗಂಡನಿಗೆ ಸಂಶಯ ಹುಟ್ಟಿಸಿ ಸೇಡು ತೀರಿಸಿಕೊಂಡವು. ಮಾತಿಗೆ ತನ್ನದೇ ಆದ ಜೀವವುಂಟು, ಅದನ್ನು ಕಟ್ಟಿಹಾಕಿದರೆ ಅದು ಬೇರೊಂದು ರೂಪದಿಂದ ಹೊರಗೆ ಬರುತ್ತದೆ ಎಂಬ ತಿಳಿವಳಿಕೆ ಐರ್ಲೆಂಡಿನ ಮರದಲ್ಲಿಯೂ ಸಂತಾಲರ ಡೋಲಿನಲ್ಲಿಯೂ ನಮ್ಮ ಹೆಣ್ಣುಮಕ್ಕಳ ಕಥೆಯಲ್ಲಿಯೂ ಒಂದೇ ಆಗಿದೆ.

ಇನ್ನು ಕೊರಿಯ ದೇಶಕ್ಕೆ ಬರೋಣ. ಇರ್ಯೋನ್ (೧೨೦೬–೧೨೮೯) ಎಂಬ ಬೌದ್ಧಭಿಕ್ಷುವು ಸಂಕಲಿಸಿದ ‘ಸಂಗುಕ್ ಯೂಸಾ’ ಗ್ರಂಥದಲ್ಲಿ ಸಿಲ್ಲಾ ರಾಜ್ಯದ ೪೮ನೆಯ ಅರಸನಾದ ಗ್ಯೊಂಗ್‌ಮುನನ ವೃತ್ತಾಂತವಿದೆ. ಇವನು ೮೬೧ರಿಂದ ೮೭೫ರವರೆಗೆ ಆಳಿದ ಐತಿಹಾಸಿಕ ವ್ಯಕ್ತಿ. ಮೊದಲಲ್ಲಿ ಹೇಳಿದ ಹಾವುಗಳ ಸಂಗತಿ ಇವನದೇ. ಸಂಜೆಯಾಗುತ್ತಲೇ ಅಸಂಖ್ಯವಾದ ಹಾವುಗಳು ಅವನ ಮಲಗುವ ಮನೆಗೆ ಬರುತ್ತಿದ್ದುವು. ಪರಿಚಾರಕರು ಬೆದರಿ ಅವನ್ನು ಓಡಿಸಹೋದಾಗ, ಅವಿಲ್ಲದೆ ತನಗೆ ನಿದ್ದೆ ಬಾರದು, ತಡೆಯಬೇಡಿರೆಂದು ಅರಸನು ಹೇಳಿದನು. ಮಲಗಿದಾಗ ಅವು ನಾಲಗೆ ಚಾಚಿ ಅವನ ಎದೆಯನ್ನು ಮುಚ್ಚುತ್ತಿದ್ದುವಂತೆ. ಇಂತಹ ವಿಚಿತ್ರವನ್ನು ಅರಸನು ಮುಚ್ಚಿಡಲಿಲ್ಲ, ಮುಚ್ಚಿಟ್ಟದ್ದು ಕಿವಿಯನ್ನು. ಪಟ್ಟಕ್ಕೆ ಬಂದ ಮೇಲೆ ಅವನ ಕಿವಿಗಳು ಇದ್ದಕ್ಕಿದ್ದಂತೆ ಕತ್ತೆಯ ಕಿವಿಗಳ ಹಾಗೆ ಬೆಳೆದುವು. ರಾಣಿಗೂ ಪರಿಚಾರಕರಿಗೂ ತಿಳಿಯದ ಈ ಗುಟ್ಟು ಶಿರಸ್ತ್ರಾಣವನ್ನು ಮಾಡಿಕೊಡುವ ಕುಶಲಕರ್ಮಿಯೊಬ್ಬನಿಗೆ ಮಾತ್ರ ತಿಳಿದಿತ್ತು. ಅವನು ಬಾಳೆಲ್ಲ ಬಾಯಿ ಕಟ್ಟಿಕೊಂಡಿದ್ದು, ಸಾವು ಸಮೀಪಿಸಿದಾಗ ದೋರಿಮ್‌ಸಾ ವಿಹಾರದ ಬಿದಿರುಮೆಳೆಯೊಳಗೆ, ಜನರಿಲ್ಲದ ಎಡೆಯಲ್ಲಿ, ಕೂಗಿ ಹೇಳಿದನು. ಮುಂದೆ ಗಾಳಿ ಬೀಸಿದಾಗಲೆಲ್ಲ ಬಿದಿರು ಅದನ್ನೇ ನುಡಿಯತೊಡಗಿತು.

ಸಾಹಿತ್ಯದ ವಿದ್ಯಾರ್ಥಿಗಳಿಗೆ ಇಲ್ಲಿ ಒಂದು ಮಾತು ನೆನಪಾಗದಿರದು. ಗಾಳಿ ಹೊಕ್ಕು ತಾನಾಗಿ ದನಿಮಾಡುವ ಬಿದಿರಿಗೆ ಸಂಸ್ಕೃತದಲ್ಲಿ ‘ಕೀಚಕ’ವೆಂಬ ಬೇರೆಯ ಹೆಸರೇ ಉಂಟು; ಅಮರಕೋಶದಲ್ಲಿ ಅದರ ಲಕ್ಷಣವನ್ನು ಹೇಳಿದೆ. ಕಾಳಿದಾಸನಿಗೆ ಕೀಚಕದ ದನಿ ವನದೇವತೆಗಳ ಗಾನಕ್ಕೆ ಜೊತೆಗೊಡುವ ಕೊಳಲಾಗಿ ಕೇಳಿಸಿತು. ಕೊರಿಯದ ಜನರಿಗೆ ಅದೇ ದನಿಯು ಅರಸನ ಗುಟ್ಟಾಗಿ ಕೇಳಿಸಿದೆ. ಬಿದಿರು ಒಂದೇ, ಕೇಳುವವರ ಕಷ್ಟಸುಖ ಬೇರೆ.

ಗ್ಯೊಂಗ್‌ಮುನನು ಏನು ಮಾಡಿದನು? ಬಿದಿರನ್ನೆಲ್ಲ ಕಡಿಸಿ, ಅಲ್ಲಿ ಸನ್ಸುಯು ಎಂಬ ಬೇರೆ ಜಾತಿಯ ಗಿಡಗಳನ್ನು ನೆಡಿಸಿದನು. ಆಮೇಲೆ ಗಾಳಿ ಬೀಸಿದಾಗ ಅರಸನ ಕಿವಿ ಉದ್ದವೆಂಬಷ್ಟೇ ಕೇಳಿಸಿತು. ಕತ್ತೆಯ ಮಾತು ಬಿಟ್ಟುಹೋಯಿತು. ಇದು ಈ ಕಥಾಸಮೂಹದಲ್ಲಿಯೇ ಅತ್ಯಂತ ಸೂಕ್ಷ್ಮವಾದ ಮುಕ್ತಾಯವೆಂದು ಹೇಳಬಹುದು. ದೊರೆಯು ನುಡಿಯುವ ಬಾಯಿಯನ್ನು ಕಡಿಯಬಲ್ಲ, ತನಗೆ ಬೇಕಾದುದನ್ನು ಅಲ್ಲಿ ನೆಡಬಲ್ಲ. ಅಷ್ಟರಿಂದ ಸತ್ಯದ ಚೂಪು ಸ್ವಲ್ಪ ಮೊಂಡಾಗಬಹುದು, ಸತ್ಯ ಮಾತ್ರ ಪೂರ್ತಿ ಅಡಗಲಾರದು. ಕಡಿದ ಮೆಳೆಯ ಬೂದಿಯಿಂದಲೂ ಅರ್ಧ ಸತ್ಯವಾದರೂ ಮೊಳೆಯುತ್ತದೆ.

೫

ಪೂರ್ವಯೂರೋಪಿನ ಸರ್ಬಿಯದಲ್ಲಿ ವುಕ್ ಕರಾಜಿಚ್ (೧೭೮೭–೧೮೬೪) ಎಂಬ ಮಹನೀಯನು ಸಂಗ್ರಹಿಸಿದ ಕಥೆಗಳಲ್ಲಿ ತ್ರೋಯಾನ್ ಚಕ್ರವರ್ತಿಯ ಕಥೆಯಿದೆ. ಡಾನ್ಯೂಬ್ ನದಿಯನ್ನು ದಾಟಿ ಡೇಸಿಯ ದೇಶವನ್ನು ಗೆದ್ದ ರೋಮಿನ ಚಕ್ರವರ್ತಿ ಟ್ರೇಜನನ ಹೆಸರೇ ಜನರ ಬಾಯಲ್ಲಿ ಹೀಗಾಗಿದೆ. ಕಥೆಯ ತ್ರೋಯಾನನಿಗೆ ಆಡಿನ ಕಿವಿಗಳು. ಕ್ಷೌರ ಮುಗಿದ ಮೇಲೆ ಅವನು, ಏನು ಕಂಡೆ ಎಂದು ಕೇಳುತ್ತಾನೆ. ಕಂಡದ್ದನ್ನು ಕಂಡಂತೆ ಹೇಳಿದವನ ತಲೆ ಹೋಗುತ್ತದೆ. ಒಬ್ಬ ಕ್ಷೌರಿಕನು ತನ್ನ ಸರದಿ ಬಂದಾಗ ಕಾಯಿಲೆಯ ನೆವ ಹೇಳಿ ಶಿಷ್ಯನನ್ನು ಕಳುಹಿಸುತ್ತಾನೆ. ಏನೂ ಕಾಣಲಿಲ್ಲವೆಂದು ಶಿಷ್ಯನು ಹೇಳಿದುದರಿಂದ ಅವನಿಗೆ ೧೨ ಚಿನ್ನದ ನಾಣ್ಯಗಳ ಬಹುಮಾನವೂ ಅರಮನೆಯ ಕೆಲಸವೂ ದೊರೆಯುತ್ತವೆ. ಸತ್ಯಕ್ಕೆ ಮರಣ, ಸುಳ್ಳಿಗೆ ಸಂಬಳ! ಆಸ್ಥಾನಗಳ ರೀತಿಯನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳುವುದು ಕಷ್ಟ.

ಆ ಹುಡುಗನೂ ಗುಟ್ಟಿನಿಂದ ಕೃಶನಾಗಿ, ಗುರುವಿನ ಸಲಹೆಯಂತೆ ಊರ ಹೊರಗೆ ಕುಳಿ ತೋಡಿ, ತಲೆಯನ್ನು ಒಳಗಿಟ್ಟು, ಮೂರು ಸಲ ಭೂಮಿಗೆ ಹೇಳಿ ಮುಚ್ಚಿ ಬರುತ್ತಾನೆ. ಅಲ್ಲಿ ಬೆಳೆದ ಗಿಡದ ಕೊಂಬೆಯಿಂದ ಕುರುಬರ ಹುಡುಗರು ಕೊಳಲು ಮಾಡಿ ಊದಿದಾಗ ಗುಟ್ಟು ರಟ್ಟಾಗುತ್ತದೆ. ಚಕ್ರವರ್ತಿಯು ಕೆರಳಿ ಕ್ಷೌರಿಕನನ್ನು ಕೊಲ್ಲಲು ಮುಂದಾಗುತ್ತಾನೆ. ಆದರೆ ಕೊಲ್ಲುವ ಮುನ್ನ ಪರೀಕ್ಷಿಸಿ ನೋಡುತ್ತಾನೆ ಎಂಬುದೇ ಇಲ್ಲಿಯ ವಿಶೇಷ. ರಥವೇರಿ ತಾನೇ ಆ ಸ್ಥಳಕ್ಕೆ ಹೋಗಿ, ಉಳಿದಿದ್ದ ಒಂದು ಕೊಂಬೆಯಿಂದ ಕೊಳಲು ಮಾಡಿಸಿ ಊದಿಸುತ್ತಾನೆ. ಕೊಳಲು ಅದನ್ನೇ ನುಡಿಯುತ್ತದೆ. ಭೂಮಿಯ ಮೇಲೆ ಯಾವುದನ್ನೂ ಬಚ್ಚಿಡಲಾಗದೆಂದು ಅರಿತು ಅವನು ಹುಡುಗನನ್ನು ಕ್ಷಮಿಸಿ, ಇನ್ನು ಮೇಲೆ ಯಾರು ಬೇಕಾದರೂ ತನ್ನ ಕ್ಷೌರಕ್ಕೆ ಬರಬಹುದೆಂದು ಸಾರುತ್ತಾನೆ. ಪಾರಸಿಕ ಕವಿ ನಿಜಾಮಿಯು (೧೧೪೧–೧೨೦೯) ತನ್ನ ‘ಇಸ್ಕಂದರ್ ನಾಮಾ’ದಲ್ಲಿ ಅಲೆಕ್ಸಾಂಡರನ ಉದ್ದಗಿವಿಯನ್ನು ಕುರಿತು ಹೇಳುವ ಕಥೆಯೂ ಇದೇ ಜಾಡಿನದು. ಅಲ್ಲಿ ಗುಟ್ಟು ಬಾವಿಗೆ ಬೀಳುತ್ತದೆ, ಬಾವಿಯ ಜೊಂಡು ಕುರಿಗಾಹಿಯ ಕೊಳಲಾಗುತ್ತದೆ.

ಮಂಗೋಲರಲ್ಲಿ ‘ಸಿದ್ಧಿ ಕೂರ್’ ಎಂಬ ಕಥಾಗುಚ್ಛವಿದೆ. ನಮ್ಮ ಬೇತಾಳ ಪಂಚವಿಂಶತಿಯೇ ಟಿಬೆಟ್ಟಿನ ಮಾರ್ಗವಾಗಿ ಅಲ್ಲಿಗೆ ಹೋಗಿ, ಅಲ್ಲಿಯ ಕಥೆಗಳನ್ನೂ ಸೇರಿಸಿಕೊಂಡು ಬೆಳೆದ ರೂಪ ಅದು. ಅದರ ಕತ್ತೆಗಿವಿಯ ಖಾನನು ದಿನಕ್ಕೊಬ್ಬ ಯುವಕನಿಂದ ತಲೆ ಬಾಚಿಸಿಕೊಂಡು ಅವನನ್ನು ಕೊಲ್ಲಿಸುತ್ತಿದ್ದನು. ಒಬ್ಬ ತಾಯಿ ತನ್ನ ಎದೆಹಾಲಿನಲ್ಲಿ ಹಿಟ್ಟು ಕಲಸಿ ರೊಟ್ಟಿ ಮಾಡಿ ಮಗನ ಕೈಗೆ ಕೊಡುತ್ತಾಳೆ. ಮಗನು ಅದನ್ನು ತಿನ್ನುತ್ತಲೇ ತಲೆ ಬಾಚುತ್ತಾನೆ. ಖಾನನು ಕೇಳಿ ತಾನೂ ತಿನ್ನುತ್ತಾನೆ. ಒಂದೇ ಹಾಲನ್ನುಂಡವನು ಸೋದರನಾದನಲ್ಲ, ಅವನನ್ನು ಕೊಲ್ಲುವುದೆಂತು? ಐರ್ಲೆಂಡಿನ ವಿಧವೆ ಕಣ್ಣೀರಿನಿಂದ ಸಾಧಿಸಿದುದನ್ನು ಮಂಗೋಲರ ತಾಯಿ ಎದೆಹಾಲಿನಿಂದ ಸಾಧಿಸಿದಳು. ಎರಡೂ ಕಡೆ ಕೊಲೆಯ ಸರಪಳಿಯನ್ನು ತುಂಡರಿಸಿದುದು ತಾಯ್ತನ, ಆಯುಧವಲ್ಲ. ಕೊನೆಗೆ ಅಲ್ಲಿಯೂ ಗುಟ್ಟು ಹೊರಬೀಳುತ್ತದೆ. ಕಿವಿ ಮುಚ್ಚುವ ಟೋಪಿಯ ಉಪಾಯ ದೊರೆತು ಕೊಲೆಯ ಪದ್ಧತಿ ನಿಲ್ಲುತ್ತದೆ. ಕೊರೆಯುವ ಚಳಿಯ ನಾಡಿನಲ್ಲಿ ಅಂತಹ ಟೋಪಿ ಯಾರಿಗೆ ಬೇಡ!

ಎಲ್ಲ ಅರಸರೂ ಹೀಗೆ ತಿದ್ದಿಕೊಳ್ಳಲಿಲ್ಲ. ೧೨ನೆಯ ಶತಮಾನದ ಫ್ರೆಂಚ್ ಕವಿ ಬೆರೂಲನ ‘ಟ್ರಿಸ್ಟನ್’ ಕಾವ್ಯದಲ್ಲಿ ಕಾರ್ನ್‌ವಾಲಿನ ದೊರೆ ಮಾರ್ಕನಿಗೆ ಕುದುರೆಗಿವಿ. ವೇಲ್ಸಿನ ಭಾಷೆಯಲ್ಲಿ ‘ಮಾರ್ಕ್’ ಎಂಬುದಕ್ಕೆ ಸಮೀಪವಾದ ಶಬ್ದಕ್ಕೆ ಕುದುರೆಯೆಂದೇ ಅರ್ಥ. ಗುಟ್ಟು ಬಲ್ಲವನು ಫ್ರೋಸಿನನೆಂಬ ಕುಬ್ಜನೊಬ್ಬನೇ. ಮೂವರು ಸಾಮಂತರು ಒತ್ತಾಯಿಸಿದಾಗ ಅವನು ತನ್ನ ವಚನವನ್ನು ಮುರಿಯಲೊಲ್ಲದೆ, ಮುಳ್ಳುಮರದ ಬುಡದ ಹಳ್ಳಕ್ಕೆ ಹೇಳುವ ನೆವದಿಂದ ಅವರಿಗೆ ಕೇಳಿಸುತ್ತಾನೆ. ಅವರು ದೊರೆಗೆ ತಿಳಿಸಿದಾಗ ಅವನು ನಕ್ಕು, ಕತ್ತಿ ಸೆಳೆದು ಕುಬ್ಜನ ತಲೆಯನ್ನು ಹಾರಿಸುತ್ತಾನೆ. ಇಲ್ಲಿ ಕೊಳಲಿಲ್ಲ, ಬಿದಿರಿಲ್ಲ, ಪ್ರಕೃತಿಯ ಸಾಕ್ಷ್ಯವಿಲ್ಲ. ಗುಟ್ಟು ಆಸ್ಥಾನದ ಗೋಡೆಗಳ ಒಳಗೇ ತಿರುಗಿ ರಕ್ತದಲ್ಲಿ ಮುಗಿಯುತ್ತದೆ. ಜನಪದರ ಕಥೆಗೂ ಆಸ್ಥಾನದ ಕಥೆಗೂ ಇರುವ ಅಂತರ ಇದಲ್ಲವೆ?

ಕಥೆಯೆಂದರೆ ಅಷ್ಟೇ ತಾನೆ ಎಂದು ಆಳುವವರು ಇದನ್ನು ಉಪೇಕ್ಷಿಸಲಿಲ್ಲವೆಂಬುದಕ್ಕೂ ಪುರಾವೆಯಿದೆ. ನೀರೋ ಚಕ್ರವರ್ತಿಯು (೫೪–೬೮) ಆಳುತ್ತಿದ್ದಾಗ ಪರ್ಸಿಯಸ್ ಎಂಬ ತರುಣಕವಿಯು (೩೪–೬೨) ತನ್ನ ವಿಡಂಬನಕಾವ್ಯದಲ್ಲಿ ಮಿಡಾಸ್ ದೊರೆಯ ಹೆಸರೆತ್ತಿ ಕತ್ತೆಗಿವಿಯ ಮಾತನ್ನು ಬರೆದಿದ್ದನು. ಅದು ತನ್ನನ್ನೇ ಕುರಿತದ್ದೆಂದು ನೀರೋ ತಿಳಿದಾನೆಂದು ಹೆದರಿ, ಕವಿಯ ಗುರು ಕಾರ್ನುಟಸನು ದೊರೆಯ ಹೆಸರನ್ನು ತೆಗೆದು, ಕತ್ತೆಗಿವಿ ಯಾರಿಗೆ ತಾನೆ ಇಲ್ಲ ಎಂಬರ್ಥ ಬರುವಂತೆ ತಿದ್ದಿದನೆಂದು ಕವಿಯ ಪ್ರಾಚೀನ ಜೀವನಚರಿತ್ರೆ ಹೇಳುತ್ತದೆ. ಗುರುವಿನದು ಎಚ್ಚರಿಕೆಯ ತಿದ್ದುಪಡಿ. ಆದರೆ ಅದರಿಂದ ಮಾತು ಇನ್ನಷ್ಟು ಹರಿತವಾಯಿತು. ಒಬ್ಬ ಅರಸನಿಗೆ ಅಂಟಿದ್ದ ಕಿವಿ ಈಗ ಓದುವ ಪ್ರತಿಯೊಬ್ಬನ ತಲೆಯನ್ನೂ ತಡವುತ್ತದೆ.

ಈ ರೂಪಗಳನ್ನೆಲ್ಲ ಜೊತೆಯಲ್ಲಿಟ್ಟು ನೋಡಿದಾಗ ಜನಪದರ ತಕ್ಕಡಿ ನಮಗೆ ಕಾಣಿಸುತ್ತದೆ. ಅವರು ಅರಸನನ್ನು ಅವನ ಕಿವಿಯಿಂದ ಅಳೆದಿಲ್ಲ. ಅಂಗದಲ್ಲಿ ಊನವಿರುವುದು ಅವರ ಕಣ್ಣಿಗೆ ಅಪರಾಧವಲ್ಲ. ಲೌರಿ ಕುದುರೆಗಿವಿಯನ್ನು ತೋರಿಸಿದ ಮೇಲೂ ಅವನನ್ನು ಯಾರೂ ಪೀಠದಿಂದ ಇಳಿಸಲಿಲ್ಲ, ತ್ರೋಯಾನನ ಆಡುಗಿವಿಯನ್ನು ಕಂಡ ಮೇಲೂ ಲೋಕ ಮುಳುಗಲಿಲ್ಲ. ಯಾವ ಭಯಕ್ಕಾಗಿ ಅಷ್ಟು ಜನರ ಪ್ರಾಣ ಹೋಯಿತೋ ಆ ಭಯವೇ ನಿರಾಧಾರವಾಗಿತ್ತು. ಊನವನ್ನು ಮುಚ್ಚಲು ಇನ್ನೊಬ್ಬನ ಕೊರಳನ್ನು ಕೊಯ್ಯುವುದು ಅಪರಾಧ. ಸತ್ಯವು ಕೊಳಲಿನಲ್ಲಿ ನುಡಿದಾಗ ಏನು ಮಾಡುತ್ತೀಯೆ ಎಂಬುದು ಪರೀಕ್ಷೆ. ಆ ಪರೀಕ್ಷೆಯಲ್ಲಿ ಒಬ್ಬನು ನಾಚಿ ತಲೆದೆರೆದನು, ಒಬ್ಬನು ಅರಿತು ಕ್ಷಮಿಸಿದನು, ಒಬ್ಬನು ಬಿದಿರನ್ನು ಕಡಿಸಿದನು, ಒಬ್ಬನು ನುಡಿದವನನ್ನೇ ಕಡಿದನು. ಅವರವರ ಅರಸುತನದ ತೂಕ ಅಷ್ಟಷ್ಟೇ.

ಕಥೆಯನ್ನು ಹೇಳಿದವರು ಸಿಂಹಾಸನವನ್ನು ಹತ್ತಿದವರಲ್ಲ. ಕುರಿ ಕಾಯುವವರು, ಕ್ಷೌರ ಮಾಡುವವರು, ಡೋಲು ಬಡಿಯುವವರು, ಮಗನನ್ನು ಅರಮನೆಗೆ ಕಳುಹಿಸಿ ಬಾಗಿಲಲ್ಲಿ ಕಾದು ಕುಳಿತ ತಾಯಂದಿರು. ಅರಸನ ಎದುರು ನಿಂತು ಆಡಲಾಗದುದನ್ನು ಅವರು ಜೊಂಡಿನ ಬಾಯಲ್ಲಿ ಆಡಿಸಿದರು. ಆ ಅರಸರ ಕೋಟೆಗಳು ಇಂದು ಮಣ್ಣುದಿಬ್ಬಗಳಾಗಿವೆ, ಗಾರ್ಡಿಯನ್ನಿನಲ್ಲಿ ಅವನ್ನು ಅಗೆದು ನೋಡುತ್ತಾರೆ. ಜೊಂಡು ಮಾತ್ರ ಈಗಲೂ ನೀರಿನ ಅಂಚಿನಲ್ಲಿ ಬೆಳೆಯುತ್ತದೆ, ಗಾಳಿ ಬೀಸಿದಾಗ ದನಿ ಮಾಡುತ್ತದೆ.